ನೆಸ್ಟರ್ ಹ್ಲುಷ್ಕೊನ ಎರಡು ಬಾಗಿಲು

ಇಲ್ಲ ಕಣಯ್ಯಾ, ನೀನು ಎಷ್ಟು ತಲೆ ಅಲ್ಲಾಡಿಸಿದರೂ ವೈರಸ್ಸಿಗೆ ಬಾಗಿಲು ಬೇಕೇ ಬೇಕು. ಸುಮ್ಮನೆ ತೂರಿಕೊಂಡು ಬರುತ್ತದೆ ಅನ್ನುತ್ತೀಯಲ್ಲ, ತೂರುವುದಕ್ಕೆ ಅದಕ್ಕೇನು ಮೊಣಕೈ ಇದೆಯೇ, ಹೆಗಲಿದೆಯೇ? ಇರುವುದು ಒಂದು ಮುಳ್ಳುಮುಳ್ಳು ಕೋಟು, ಕೋಟಿನ ಜೇಬಿನಲ್ಲಿ ಒಂದು ಚೀಟಿ. ಚೀಟಿಯನ್ನು ಜೀವಕೋಶದ ಒಳಗೆ ದಾಟಿಸಿದರೆ ಅದರ ಕೆಲಸ ಮುಗಿಯಿತು. ಮಿಕ್ಕ ಹಾಳುಗೆಲಸವನ್ನೆಲ್ಲ ಮನೆಯವರೇ ಮಾಡಿಕೊಳ್ಳುತ್ತಾರೆ. ದಾಟಿಸಲು ಎರಡು ದಾರಿ. ಒಂದು ಮುಂಬಾಗಿಲು: ಜೀವಕೋಶದ ಚರ್ಮಕ್ಕೆ ಅಂಟಿ, ಅಲ್ಲೇ ಬಿರಿದು, ನೆಟ್ಟಗೆ ಒಳಗೆ. ಇನ್ನೊಂದು ಹಿತ್ತಿಲ ಬಾಗಿಲು: ಜೀವಕೋಶ ಇದೇನೋ ತಿನ್ನುವ ಪದಾರ್ಥ ಅಂದುಕೊಂಡು ತಾನೇ ಅದನ್ನು ಒಂದು ಚೀಲದಲ್ಲಿ ನುಂಗುತ್ತದೆ. ಚೀಲದೊಳಗೆ ನಿಧಾನವಾಗಿ ಹುಳಿಯೇರುತ್ತದೆ. ಹುಳಿ ತಾಗಿದ್ದೇ ತಡ, ವೈರಸ್ಸು ಕೋಟು ಬಿಚ್ಚಿ ಚೀಲ ಹರಿದುಕೊಂಡು ಈಚೆಗೆ ಬರುತ್ತದೆ.

ನೀನೇನು ಕಂಡಿದ್ದೀಯಾ ಅನ್ನುತ್ತೀಯಾ? ನಾನು ಕಂಡಿಲ್ಲ. ಮೂಲೆಮನೆಯ ನೆಸ್ಟರ್ ಹ್ಲುಷ್ಕೊ ಕಂಡಿದ್ದಾನೆ. ಕಂಡಿದ್ದಾನೆ ಅನ್ನುವುದಕ್ಕಿಂತ ಒಂದು ಇಡೀ ಚಳಿಗಾಲ ಅದನ್ನು ಕಾಣಲಾರದೆ ಒದ್ದಾಡಿದ್ದಾನೆ ಅನ್ನುವುದೇ ಸರಿ. ಅದು ಎಂಥ ಚಳಿಗಾಲ ಅಂತೀಯ! ವಕಾ ಊರಿನ ಹತ್ತಿರ ಒಂದು ಕುದುರೆಯ ನೆರಳು ಕೊಟ್ಟಿಗೆಯ ಗೋಡೆಗೆ ಹೆಪ್ಪುಗಟ್ಟಿ ಹಿಡಿದುಕೊಂಡು, ಕುದುರೆಯನ್ನು ಮಾರಿದ ಮೇಲೂ ಏಪ್ರಿಲ್‌ವರೆಗೆ ಅಲ್ಲೇ ನಿಂತಿತ್ತು. ಕೊಂಡವನು ಬಂದು ನೆರಳೂ ನನ್ನದೇ ಎಂದು ಜಗಳ ಮಾಡಿದ. ನಗಬೇಡ. ಅದನ್ನು ಬೇಕಾದರೆ ಬಿಡು, ನೆಸ್ಟರನದು ಮಾತ್ರ ಅಪ್ಪಟ ನಿಜ.

ನೆಸ್ಟರ್ ಅಂದರೆ ಉಕ್ರೇನಿನಿಂದ ಗೋಧಿ ಬೆಳೆಯಲು ಬಂದವರ ಮೊಮ್ಮಗ. ಹಸು, ಕೋಳಿ, ಹಂದಿಗಳಿಗೆ ಮೇವು ಹಾಕುತ್ತ ಬೆಳೆದವನು. ಸಾಸ್ಕಟೂನ್ ನಗರಕ್ಕೆ ಬಂದು ನದಿಯ ಆಚೆ ದಂಡೆಯ ವೈರಸ್ ಲ್ಯಾಬು ಸೇರಿದ ಮೇಲೂ ಮೇವು ಹಾಕುವ ಕೆಲಸ ತಪ್ಪಲಿಲ್ಲ, ದನದ ಬದಲು ಜೀವಕೋಶಗಳು ಬಂದವು ಅಷ್ಟೇ. ಬಾಟಲಿಯ ತಳಕ್ಕೆ ಅಂಟಿಕೊಂಡು ಬದುಕುವ ಅವಕ್ಕೆ ಕೆಂಪುಗುಲಾಬಿ ಬಣ್ಣದ ಒಂದು ಸಾರು ಬೇಕು. ನೆಸ್ಟರ್ ಅದನ್ನು ಬೋರ್ಶ್ ಅನ್ನುತ್ತಾನೆ, ಅವರ ಮನೆಯ ಬೀಟ್‌ರೂಟ್ ಸಾರಿನ ಹೆಸರು. ಭಾನುವಾರ ಚರ್ಚಿನಿಂದ ಎಲ್ಲರೂ ಮನೆಗೆ ಹೋದರೆ ಇವನು ಕೋಟು ಬಿಚ್ಚದೆ ಲ್ಯಾಬಿಗೆ ಹೋಗುತ್ತಾನೆ. "ಅವಕ್ಕೆ ಭಾನುವಾರ ಅಂದ್ರೆ ಏನು ಗೊತ್ತು? ಹೊಟ್ಟೆ ಮಾತ್ರ ಗೊತ್ತು" ಅನ್ನುತ್ತಾನೆ. ಹೆಂಡತಿ ಸ್ಟೆಫ್ಕಾ ತಟ್ಟೆಯ ಮೇಲೆ ತಟ್ಟೆ ಮುಚ್ಚಿ ಕಾಯುತ್ತಾಳೆ. ಎಷ್ಟೋ ವರ್ಷದಿಂದ ಹೀಗೇ.

ಆ ಚಳಿಗಾಲ ಲ್ಯಾಬಿಗೆ ಹಂದಿಗಳಿಗೆ ಕೆಮ್ಮು ತರುವ ಹೊಸದೊಂದು ವೈರಸ್ಸು ಬಂತು. ಅದು ಯಾವ ಬಾಗಿಲಿನಿಂದ ಒಳಹೋಗುತ್ತದೆ ಎಂದು ಹೇಳಬೇಕಾದದ್ದು ನೆಸ್ಟರನ ಕೆಲಸ. ಬಾಗಿಲು ಗೊತ್ತಾದರೆ ತಾನೆ ಅಗುಳಿ ಮಾಡಿಸುವುದು!

ಅದಕ್ಕೆ ಅವರಲ್ಲೊಂದು ಚಂದದ ಉಪಾಯವಿದೆ. ಕುರಿಗೆ ಹುಲಿಯ ತೊಗಲು ಹೊದಿಸಿದ ಹಾಗೆ, ಏನೂ ಕೆಡುಕು ಮಾಡಲಾರದ ಒಂದು ಬಡಪಾಯಿ ವೈರಸ್ಸಿಗೆ ಹಂದಿ ವೈರಸ್ಸಿನ ಮುಳ್ಳುಕೋಟು ತೊಡಿಸುತ್ತಾರೆ. ಜೇಬಿನ ಚೀಟಿ ಕಿತ್ತು, ಅದರ ಜಾಗದಲ್ಲಿ ಮಿಂಚುಹುಳದ ಬೆಳಕಿನ ಚೀಟಿ ಇಡುತ್ತಾರೆ. ಈ ಬಹುರೂಪಿ ಜೀವಕೋಶದ ಒಳಗೆ ಹೋದರೆ ಜೀವಕೋಶ ಹೊಳೆಯುತ್ತದೆ, ಹೋಗದಿದ್ದರೆ ಕತ್ತಲೆ. ಈಗ ಬಾಗಿಲು ಯಾವುದು? ಜೀವಕೋಶಗಳಿಗೆ ಮೊದಲು ಹುಳಿ ಮುರಿಯುವ ಔಷಧಿ ಹಾಕು. ಚೀಲಕ್ಕೆ ಹುಳಿಯೇರದಿದ್ದರೆ ಹಿತ್ತಿಲ ಬಾಗಿಲು ಮುಚ್ಚಿದ ಹಾಗೆ. ಆಗಲೂ ಬೆಳಕು ಬಂತೋ, ಕಳ್ಳ ಮುಂಬಾಗಿಲಿನವನು. ಕತ್ತಲೆಯಾಯಿತೋ, ಹಿತ್ತಿಲಿನವನು. ಬೆಳಗ್ಗೆ ಔಷಧಿ, ಅದರ ಹಿಂದೆಯೇ ವೈರಸ್ಸು. ಮಧ್ಯಾಹ್ನ ಕಳೆದ ಮೇಲೆ ಎರಡನ್ನೂ ತೊಳೆದು ಹೊಸ ಬೋರ್ಶ್. ಆಮೇಲೆ ಕಾವುಪೆಟ್ಟಿಗೆಯಲ್ಲಿ ಬೆಚ್ಚಗೆ ಬಿಟ್ಟು, ಒಂದೆರಡು ದಿನ ಬಿಟ್ಟು ಬೆಳಕು ಅಳೆಯುವುದು. ನೆಸ್ಟರ್ ಇದನ್ನು ಕಣ್ಣು ಮುಚ್ಚಿಕೊಂಡು ಮಾಡುತ್ತಿದ್ದ. ಹೋಲಿಸಿ ನೋಡಲಿಕ್ಕಿರಲಿ ಎಂದು ಬದಿಯಲ್ಲಿ ಎರಡು ಹಳೇ ವೈರಸ್ಸುಗಳನ್ನೂ ಇಟ್ಟುಕೊಳ್ಳುತ್ತಿದ್ದ: ಒಂದು ಮುಂಬಾಗಿಲಿನದು ಎಂದು ಹತ್ತೂರಿಗೆ ಗೊತ್ತು, ಇನ್ನೊಂದು ಹಿತ್ತಿಲಿನದು ಎಂದು ಹತ್ತೂರಿಗೆ ಗೊತ್ತು.

ಮೊದಲ ಸಲ ಹಂದಿ ವೈರಸ್ಸು ಹಿತ್ತಿಲಿನದು ಎಂದು ಬಂತು. ಸಂತೋಷ. ಎರಡನೆಯ ಸಲ ನೋಡಿದರೆ ಮುಂಬಾಗಿಲಿನದು! ಇರಲಿ, ಹೊಸ ಪ್ರಾಣಿ, ಚಂಚಲ ಇರಬಹುದು ಅಂದುಕೊಂಡ. ಆಮೇಲೆ ಹಳೇ ವೈರಸ್ಸುಗಳನ್ನು ನೋಡಿದ. ಹಿತ್ತಿಲಿನದು ಎಂದು ಹತ್ತೂರಿಗೆ ಗೊತ್ತಿದ್ದದ್ದೂ ರಾಜಾರೋಷವಾಗಿ ಮುಂಬಾಗಿಲಿಗೆ ಬಂದು ನಿಂತಿತ್ತು. ಮತ್ತೊಂದು ವಾರ, ಮುಂಬಾಗಿಲಿನದು ಹಿತ್ತಿಲಿಗೆ ಹೋಗಿತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಔಷಧಿ ಬದಲಾಯಿಸಿದ. ಮಂಜುಪೆಟ್ಟಿಗೆಯಲ್ಲಿದ್ದ ಹೊಸ ಜೀವಕೋಶ ತೆಗೆದು ಕರಗಿಸಿದ. ಹನಿ ಅಳೆದು ಹಾಕುವ ಪಿಪೆಟ್ಟನ್ನು ಬಿಚ್ಚಿ ಒರೆಸಿ ತೂಗಿ ನೋಡಿದ. ಎಲ್ಲವೂ ನೆಟ್ಟಗಿತ್ತು. ನೆಟ್ಟಗಿಲ್ಲದ್ದು ಉಳಿದದ್ದು ಒಂದೇ: ಇವನ ತಲೆ.

ಆ ಯೋಚನೆ ಬಂದ ದಿನದಿಂದ ನೆಸ್ಟರನ ನಿದ್ದೆ ಹಾರಿತು. ಅವನ ಅಪ್ಪನಿಗೆ ಇದೇ ವಯಸ್ಸಿನಲ್ಲಿ ಮರೆವು ಹಿಡಿದಿತ್ತು. ಮೊದಲು ಕೊಟ್ಟಿಗೆಯ ಬಾಗಿಲು ಹಾಕಲು ಮರೆತ. ಆಮೇಲೆ ಹಾಲು ಕರೆದ ಹಸುವನ್ನೇ ಮತ್ತೆ ಕರೆಯಲು ಕೂತ. ಕೊನೆಗೆ ಬೂಟುಗಳನ್ನು ಒಲೆಯಲ್ಲಿಟ್ಟು ಬ್ರೆಡ್ಡು ಬೆಂದಿತೇ ಎಂದು ಕೇಳಿದ. ನೆಸ್ಟರ್ ಬಸ್ಸಿನಲ್ಲಿ ಕೂತು ತನ್ನ ತಲೆಯನ್ನು ತಾನೇ ಪರೀಕ್ಷೆ ಮಾಡಿಕೊಳ್ಳತೊಡಗಿದ. ಚಿಕ್ಕಂದಿನಲ್ಲಿ ರೈಲು ಹಾದುಹೋಗುತ್ತಿದ್ದ ಊರುಗಳನ್ನು, ಊರಿಗೊಂದರಂತಿದ್ದ ಗೋಧಿ ಕಣಜಗಳ ಲೆಕ್ಕದಲ್ಲಿ, ಸಾಲಾಗಿ ಹೇಳಿಕೊಳ್ಳುವುದು. ಒಂದು ದಿನ ನಡುವೆ ಒಂದು ಕಣಜ ಬಿಟ್ಟುಹೋಯಿತು. ಮನೆಗೆ ಬಂದವನೇ ಹೆಂಡತಿಯ ಮುಂದೆ ನಿಂತ.

"ಸ್ಟೆಫ್ಕಾ, ಆಲ್ವೀನಾ ಆದ್ಮೇಲೆ ಯಾವ ಕಣಜ?"

"ಅದನ್ನ ಕೆಡವಿ ಎಷ್ಟು ವರ್ಷ ಆಯ್ತು! ಇಲ್ದೆ ಇರೋದನ್ನ ಮರ್ತ್ರೆ ಅದು ಮರೆವು ಅಲ್ಲ."

"ಕೆಡವಿದ್ದು ನಂಗೆ ನೆನಪಿರಬೇಕಿತ್ತಲ್ಲ?"

"ಅಯ್ಯೋ ನನ್ ಮುದುಕಪ್ಪಾ, ಕೆಡವಿದ್ದು ಮರ್ತಿದ್ರೆ ಕಣಜದ ಹೆಸರು ನೆನಪಿರಬೇಕಿತ್ತು. ಹೆಸರು ಮರ್ತಿದ್ದೀಯ ಅಂದ್ರೆ ಕೆಡವಿದ್ದು ನೆನಪಿದೆ ಅಂತ ತಾನೆ?"

ನೆಸ್ಟರ್ ಈ ಮಾತನ್ನು ಊಟ ಮುಗಿಯುವವರೆಗೂ ತಿರುಗಿಸಿ ಮುರುಗಿಸಿ ನೋಡಿದ. ಸಮಾಧಾನ ಮಾಡಿದಳೋ ಗೇಲಿ ಮಾಡಿದಳೋ ತಿಳಿಯಲಿಲ್ಲ.

ಲ್ಯಾಬಿನಲ್ಲಿ ಮರೆವಿಗೆ ಅವನು ಹಳೆಯ ಕಾವಲೊಂದನ್ನು ಇಟ್ಟುಕೊಂಡಿದ್ದ. ಜೀವಕೋಶಗಳನ್ನು ಹಾಕುವ, ಗುಳಿಗಳಿರುವ ಪ್ಲೇಟಿನಲ್ಲಿ ಎಷ್ಟು ಸಾಲು ಗುಳಿಗಳೋ, ಪಿಪೆಟ್ಟಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಟಿಪ್ಪುಗಳ ಡಬ್ಬಿಯಲ್ಲೂ ಅಷ್ಟೇ ಸಾಲು. ಯಾವ ಸಾಲಿಗೆ ಔಷಧಿ ಹಾಕುತ್ತಾನೋ ಅದೇ ಸಾಲಿನ ಟಿಪ್ಪು ತೆಗೆಯುತ್ತಾನೆ. ಯಾರಾದರೂ ಫೋನಿಗೆ ಕರೆದು, ವಾಪಸು ಬಂದು ನೋಡಿದರೆ, ಡಬ್ಬಿಯಲ್ಲಿ ಖಾಲಿಯಿರುವ ಸಾಲೇ ಸಾಕ್ಷಿ. ಔಷಧಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಪ್ಲೇಟು ನೋಡಿ ಏನೂ ತಿಳಿಯುವುದಿಲ್ಲ. ಡಬ್ಬಿ ನೋಡಬೇಕು. ಎಲ್ಲ ಲ್ಯಾಬಿನವರೂ ಹೀಗೆಯೇ ಮಾಡುವುದು.

ಆ ಎರಡನೆಯ ಸಲದ ಬೆಳಗ್ಗೆಯೇ ಔಷಧಿ ಹಾಕಿ, ಕಾಫಿ ಕುಡಿದು ಬಂದು ನೋಡುತ್ತಾನೆ, ಡಬ್ಬಿ ತುಂಬಿದೆ! ಒಂದು ಟಿಪ್ಪೂ ಕಡಿಮೆಯಿಲ್ಲ. ಕೆಲಸ ಮಾಡುವ ಗಾಜಿನ ಗೂಡಿನ ಮುಂದೆ ಕೈಗವಸು ಹಾಕಿಕೊಂಡು ಹಾಗೇ ನಿಂತ. ಹಾಕಿದೆನೇ? ಹಾಕಿದ ಹಾಗೆ ನೆನಪು. ಆದರೆ ಆ ನೆನಪು ಇವತ್ತಿನದೋ, ಮೊನ್ನೆಯದೋ? ಹೆಬ್ಬೆರಳು ಪಿಪೆಟ್ಟಿನ ಗುಂಡಿ ಒತ್ತಿದ್ದು ಹೆಬ್ಬೆರಳಿಗೆ ನೆನಪಿದೆ. ಹೆಬ್ಬೆರಳನ್ನು ನಂಬುವುದೋ ಡಬ್ಬಿಯನ್ನು ನಂಬುವುದೋ? ಕೊನೆಗೆ ಹೆಬ್ಬೆರಳನ್ನೇ ನಂಬಿ ವೈರಸ್ಸು ಹಾಕಿದ. ಆದರೆ ಆವತ್ತಿನಿಂದ ಹೆದರಿ, ಕಾವುಪೆಟ್ಟಿಗೆಯ ನೆತ್ತಿಯ ಮೇಲೆ ಯಾವಾಗಲೂ ಇರುತ್ತಿದ್ದ ಟೈಮರನ್ನು ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡ. ತೊಳೆಯುವ ಹೊತ್ತಾದರೂ ಮರೆಯದಿರಲಿ ಎಂದು.

ಲ್ಯಾಬಿನವರು ಏನೂ ಅನ್ನಲಿಲ್ಲ. ಅದೇ ಅವನನ್ನು ಹೆಚ್ಚು ಹೆದರಿಸಿದ್ದು. ಬೋರ್ಶ್ ಕಾಯಿಸುವ ಬರ್ನಿಸ್, ಬಟೋಷ್ ಊರಿನ ಕಡೆಯ ಮೆಟೀ ಜನಾಂಗದ ಹೆಂಗಸು, ಬಾಯಿಬಡುಕಿ, ಮೊದಲೆಲ್ಲ ಇವನನ್ನು ಕಂಡರೆ "ಏನೋ ಮುದುಕಾ, ಇನ್ನೂ ಬದುಕಿದ್ದೀಯಾ?" ಅನ್ನದೆ ಬಿಡುತ್ತಿರಲಿಲ್ಲ. ಈಗ "ಚೆನ್ನಾಗಿದ್ದೀಯಾ ನೆಸ್ಟರ್?" ಅಂತ ಮೆಲ್ಲಗೆ ಕೇಳುತ್ತಾಳೆ. ಪಕ್ಕದ ಮೇಜಿನ ವಿಜ್ಞಾನಿ ರೊವೆನಾ, ಫಿಲಿಪೀನ್ಸಿನವಳು, ಇವನನ್ನು ಅವಳ ಮಾತಿನಲ್ಲಿ ಕುಯಾ, ಅಂದರೆ ಅಣ್ಣಾ ಎಂದು ಕರೆಯುವವಳು, "ಕುಯಾ, ಏನಾದ್ರೂ ಬೇಕಿದ್ರೆ ಹೇಳಿ" ಅನ್ನುತ್ತಾಳೆ, ದಿನಕ್ಕೆ ನಾಲ್ಕು ಸಲ. ಮುಖ್ಯಸ್ಥೆ ಹೇಝಲ್ ಮೆಕ್‌ಕ್ವಾರಿ ಒಂದು ದಿನ ಕರೆದು ಕೂರಿಸಿ, ಹವಾಮಾನ, ಹಾಕಿ ಆಟ, ಅವಳ ನಾಯಿಯ ಕಾಲುನೋವು ಎಲ್ಲ ಮುಗಿಸಿ, ಏಳುವಾಗ ಹೇಳಿದಳು:

"ಉಗ್ರಾಣದ ಕೋಣೇಲಿ ಒಂದು ಕುರ್ಚಿ ಖಾಲಿ ಆಗ್ತಿದೆ ನೆಸ್ಟರ್. ಕಿಟಕಿ ದೊಡ್ಡದು. ನದಿ ಕಾಣುತ್ತೆ."

"ನಂಗೆ ನದಿ ಬಸ್ಸಿನಿಂದಾನೇ ಕಾಣುತ್ತಲ್ಲ."

"ಹೌದು, ಹೌದು. ಸುಮ್ನೆ ಹೇಳ್ದೆ. ತಿಂಗಳ ಕೊನೆ ಶುಕ್ರವಾರ ಮಾತಾಡೋಣ. ಅಷ್ಟರೊಳಗೆ ಹಂದಿದು ಒಂದು ತೀರ್ಮಾನಕ್ಕೆ ಬಂದ್ರೆ... ನೋಡೋಣ."

ನಮ್ಮ ಊರಿನಲ್ಲಿ ಯಾರನ್ನಾದರೂ ಬಾವಿಗೆ ನೂಕುವುದಿದ್ದರೂ ಮೊದಲು "ನೀರು ಬೆಚ್ಚಗಿದೆ" ಎಂದು ಹೇಳುತ್ತಾರೆ. ನೆಸ್ಟರನಿಗೆ ಅರ್ಥವಾಯಿತು. ಆ ಶುಕ್ರವಾರದೊಳಗೆ ಬಾಗಿಲು ಹೇಳದಿದ್ದರೆ ಮೇಜು ಹೋಯಿತು. ಮೇಜು ಹೋದರೂ ಚಿಂತೆಯಿಲ್ಲ; ಮೇಜು ಹೋಯಿತು ಅಂದರೆ ತಲೆಯೂ ಹೋಗಿದೆ ಎಂದು ಎಲ್ಲರೂ ಒಪ್ಪಿದ ಹಾಗೆ. ಅಪ್ಪನ ಬೂಟು ಒಲೆಯಲ್ಲಿ ಬೇಯುವ ವಾಸನೆ ಮೂಗಿಗೆ ಬಂತು.

ಇನ್ನು ಹಿಮದ ವಿಷಯ. ಇದು ಅಡ್ಡದಾರಿ ಅನ್ನಬೇಡ, ಇದೇ ಹೆದ್ದಾರಿ. ನಮ್ಮ ಬೀದಿಯಲ್ಲಿ ಹಿಮ ಬಿದ್ದರೆ ಮೊದಲು ಎದ್ದವನು ಪಕ್ಕದವನ ಅಂಗಳವನ್ನೂ ಸಲಿಕೆಯಿಂದ ತೆಗೆದುಬಿಡುತ್ತಾನೆ. ಹೇಳುವುದಿಲ್ಲ. ತೆಗೆಸಿಕೊಂಡವನೂ ಕೇಳುವುದಿಲ್ಲ. ಕೇಳಿ ಥ್ಯಾಂಕ್ಸ್ ಹೇಳಿದರೆ ಕೊಟ್ಟದ್ದನ್ನು ಎಣಿಸಿದ ಹಾಗಾಗುತ್ತದೆ, ಇಬ್ಬರಿಗೂ ಮುಜುಗರ. ನೆಸ್ಟರ್ ಮೊದಲಿನಿಂದಲೂ ಪಕ್ಕದ ಮನೆಯ ಗಾರ್ತ್ ಫ್ರೀಸನ್ನನ ಅಂಗಳ ತೆಗೆದು, ನಡುವಿನ ಪಟ್ಟಿಯಲ್ಲಿ ರಾಶಿ ಹಾಕುತ್ತಿದ್ದ. ಆ ವರ್ಷ ಅದರಲ್ಲೂ ವಿಚಿತ್ರ. ಬೆಳಗ್ಗೆ ತನ್ನ ಅಂಗಳ, ಅವನ ಅಂಗಳ ಎರಡೂ ಕನ್ನಡಿಯಂತೆ ಮಾಡಿ ಹೋಗುತ್ತಾನೆ; ಸಂಜೆ ಬಂದರೆ ತನ್ನ ಅಂಗಳದಲ್ಲಿ ಮೊಣಕಾಲಿನವರೆಗೆ ಹಿಮ! ಆಕಾಶ ತಿಳಿಯಾಗಿದೆ, ಫ್ರೀಸನ್ನನ ಅಂಗಳ ಚೊಕ್ಕಟವಾಗಿದೆ.

"ನಾನು ಬೆಳಿಗ್ಗೆ ತೆಗ್ದಿದ್ನಲ್ವಾ?" ಎಂದು ಹೆಂಡತಿಯನ್ನು ಕೇಳಲೂ ಹೆದರಿಕೆ. "ಇಲ್ಲ" ಅಂದುಬಿಟ್ಟರೆ? ಸುಮ್ಮನೆ ಮತ್ತೆ ಸಲಿಕೆ ಹಿಡಿಯುತ್ತಿದ್ದ.

ಆ ತಿಂಗಳ ಶುರುವಿನಲ್ಲಿ ಒಂದು ಬೆಳಗ್ಗೆ ನೆಸ್ಟರ್ ನಿಜವಾಗಿಯೂ ಒಂದು ವಸ್ತು ಮರೆತ. ಊಟದ ಡಬ್ಬಿ. ಆಲೂಗಡ್ಡೆ ತುಂಬಿದ ವರೆನಿಕಿ ಕಡುಬು, ಮೇಲೆ ಹುರಿದ ಈರುಳ್ಳಿ. ಬಸ್ ನಿಲ್ದಾಣದಲ್ಲಿ ನೆನಪಾಗಿ, "ಬಂತು, ಅಪ್ಪನ ಕಾಯಿಲೆ ಬಂತು" ಎಂದು ಗೊಣಗುತ್ತ ತಿರುಗಿ ಬಂದ. ಮೂಲೆ ತಿರುಗಿದರೆ ಏನು ನೋಡುತ್ತಾನೆ! ಫ್ರೀಸನ್ ತನ್ನ ಹಿಮ ಊದುವ ಯಂತ್ರ ಹಿಡಿದು ನಡುವಿನ ರಾಶಿಯನ್ನು ಊದುತ್ತಿದ್ದಾನೆ. ರಾಶಿ ಆಕಾಶಕ್ಕೆ ಹಾರಿ, ಗಾಳಿಗೆ ಸಿಕ್ಕಿ, ದೊಡ್ಡ ಬೆಳ್ಳಿಯ ಕಮಾನಾಗಿ, ಸೀದಾ ನೆಸ್ಟರನ ಅಂಗಳಕ್ಕೆ ಇಳಿಯುತ್ತಿದೆ.

"ಏಯ್ ಗಾರ್ತ್! ಏನ್ ಮಾರಾಯ ಮಾಡ್ತಿದ್ದೀಯ?"

ಫ್ರೀಸನ್ ಯಂತ್ರ ನಿಲ್ಲಿಸಿದ. ಅವನ ಗಡ್ಡ ಹಿಮಗಡ್ಡೆಯಾಗಿತ್ತು. "ನಿಂಗೇ ಸಹಾಯ ಮಾಡ್ತಿದೀನಿ! ಈ ರಾಶಿ ಕರಗಿದ್ರೆ ನಿನ್ ನೆಲಮನೆಗೆ ನೀರು ನುಗ್ಗಲ್ವಾ? ದಿನಾ ತೆಗೀತೀನಿ, ದಿನಾ ಎಲ್ಲಿಂದ ಬರುತ್ತೋ ಹಾಳಾದ್ದು! ಗಾಳೀನೇ ತಂದು ಹಾಕುತ್ತೆ ಅಂದ್ಕೊಂಡಿದ್ದೆ."

"ಗಾಳಿಯಲ್ಲ ಕಣೋ, ನಾನು! ನಿನ್ ಅಂಗಳದ್ದನ್ನ ದಿನಾ ಅಲ್ಲಿ ಹಾಕೋನು ನಾನು!"

"ನೀನಾ? ನಾನು ಸೂರ್ಯ ಅಂದ್ಕೊಂಡಿದ್ದೆ. ನಮ್ಮನೆ ಕಡೆ ಬಿಸಿಲು ಜಾಸ್ತಿ ಅಂತ ತಂಗಿಗೂ ಹೇಳಿದ್ದೆ."

"ಅಂದ್ರೆ ಈ ಚಳಿಗಾಲ ಪೂರ್ತಿ..."

"ಒಂದೇ ಹಿಮ, ನೆಸ್ಟರ್. ನಿನ್ನಿಂದ ನಂಗೆ, ನನ್ನಿಂದ ನಿಂಗೆ. ಈಗ ಅದಕ್ಕೆ ನಮ್ಮಿಬ್ಬರ ಹೆಸರೂ ಬಂದಿರಬೇಕು."

ಇಬ್ಬರೂ ಯಂತ್ರವನ್ನು ಹಿಡಿದುಕೊಂಡು ಬಗ್ಗಿ ಬಗ್ಗಿ ನಕ್ಕರು. ನಗುನಗುತ್ತಲೇ ನೆಸ್ಟರ್ ಬಾಯಿ ತೆರೆದವನು ಹಾಗೇ ನಿಂತುಬಿಟ್ಟ. ತನ್ನ ಅಂಗಳಕ್ಕೆ ಬಂದು ಹೋಗುವವರು ಇನ್ನೂ ಯಾರಾದರೂ ಇದ್ದಾರೆಯೇ? ಆ ಅಂಗಳ ಅಂದರೆ, ಲ್ಯಾಬಿನ ಮೇಜಿಗೆ? ಊಟದ ಡಬ್ಬಿಯನ್ನು ತೆಗೆದುಕೊಳ್ಳಲು ಬಂದವನು ತೆಗೆದುಕೊಳ್ಳದೆಯೇ ಬಸ್ಸಿಗೆ ಓಡಿದ.

ಆವತ್ತು ತನ್ನ ಮೇಜನ್ನು ತನ್ನದಲ್ಲದ ಕಣ್ಣಿನಿಂದ ನೋಡಿದ, ಬೀದಿಯಲ್ಲಿ ಹೋಗುವವನು ಅಂಗಳ ನೋಡುವ ಹಾಗೆ. ತುಂಬಿದ ಟಿಪ್ ಡಬ್ಬಿ. ನೋಡಿದವರಿಗೆ ಏನನ್ನಿಸುತ್ತದೆ? ಪಾಪ, ಔಷಧಿ ಹಾಕಲು ಮರೆತಿದ್ದಾನೆ. ಕಾವುಪೆಟ್ಟಿಗೆಯ ನೆತ್ತಿಯ ಮೇಲೆ ಟೈಮರಿಲ್ಲ. ನೋಡಿದವರಿಗೆ ಏನನ್ನಿಸುತ್ತದೆ? ಪಾಪ, ತೊಳೆಯಲು ಮರೆಯುತ್ತಾನೆ. ಮರೆತವನಿಗೆ ಈ ಊರಿನ ಜನ ಏನು ಮಾಡುತ್ತಾರೆ? ಹೇಳದೆ ಸಲಿಕೆ ಎತ್ತುತ್ತಾರೆ.

ಮತ್ತೊಮ್ಮೆ ಔಷಧಿ ಬಿದ್ದರೆ ಜೀವಕೋಶಗಳಿಗೆ ಹುಷಾರು ತಪ್ಪುತ್ತದೆ, ಯಾವ ಬಾಗಿಲಿನಿಂದ ಬಂದವನಿಗೂ ಬೆಳಕು ಹಚ್ಚುವ ಶಕ್ತಿ ಇರುವುದಿಲ್ಲ: ಎಲ್ಲರೂ ಹಿತ್ತಿಲಿನವರ ಹಾಗೆ ಕಾಣುತ್ತಾರೆ. ಹೊತ್ತಿಗೆ ಮುಂಚೆ ಔಷಧಿ ತೊಳೆದುಹೋದರೆ ಚೀಲಕ್ಕೆ ಮತ್ತೆ ಹುಳಿಯೇರುತ್ತದೆ, ಒಳಗೆ ಕಾದು ಕೂತ ವೈರಸ್ಸು ಹೊರಬರುತ್ತದೆ: ಎಲ್ಲರೂ ಮುಂಬಾಗಿಲಿನವರ ಹಾಗೆ ಹೊಳೆಯುತ್ತಾರೆ. ಲೆಕ್ಕ ಹೊಂದುತ್ತದೆ. ಆದರೆ ಇದು ನಿಜವೋ, ಮುಳುಗುವವನು ಹುಲ್ಲುಕಡ್ಡಿ ಹಿಡಿದದ್ದೋ? ತಲೆ ಕೆಟ್ಟವರಿಗೆ ತಾನೆ ಯಾರೋ ನಮ್ಮ ವಸ್ತು ಮುಟ್ಟುತ್ತಿದ್ದಾರೆ ಅನ್ನಿಸುವುದು! ಅಪ್ಪನೂ ಹಾಗೇ ಅನ್ನುತ್ತಿದ್ದ, ಹಸುವಿನ ಹಾಲನ್ನು ಪಕ್ಕದವರು ಕರೆದುಕೊಳ್ಳುತ್ತಾರೆ ಎಂದು. ನೆಸ್ಟರ್ ಮತ್ತೆ ಗೊಂದಲಕ್ಕೆ ಬಿದ್ದ.

ಕೇಳಬಹುದಿತ್ತು ಅನ್ನುತ್ತೀಯ. "ನೀವು ನನ್ನ ಪ್ಲೇಟು ಮುಟ್ಟುತ್ತಿದ್ದೀರಾ?" ಅಂತ ಕೇಳುವುದೇ? ಇಲ್ಲದಿದ್ದರೆ ಅವರಿಗೆ ಅವಮಾನ. ಇದ್ದರೆ ಇನ್ನೂ ದೊಡ್ಡ ಅವಮಾನ. ಇಲ್ಲಿಯ ಜನ ಹಾಗೆಲ್ಲ ಕೇಳುವುದಕ್ಕಿಂತ ಹೆಪ್ಪುಗಟ್ಟಿದ ನದಿಯಲ್ಲಿ ತೂತು ಕೊರೆದು ಇಳಿಯುತ್ತಾರೆ. ಅವಿತುಕೊಂಡು ನೋಡಲೂ ಮನಸ್ಸಾಗಲಿಲ್ಲ. ಆಗ ಅವನಿಗೆ ತನ್ನ ಕಸುಬೇ ನೆನಪಾಯಿತು. ಒಳಗೆ ಬರುವವರನ್ನು ಕಣ್ಣಿನಿಂದ ಎಲ್ಲಿ ನೋಡುತ್ತೇವೆ? ಒಂದು ಬಾಗಿಲು ಮುಚ್ಚುತ್ತೇವೆ, ಏನಾಗುತ್ತದೆ ನೋಡುತ್ತೇವೆ.

ಆ ವಾರ ಡಬ್ಬಿ ತುಂಬಿಸುವ ಟಿಪ್ಪುಗಳ ದೊಡ್ಡ ಚೀಲವನ್ನು ತನ್ನ ಖಾನೆಯಲ್ಲಿಟ್ಟು ಬೀಗ ಹಾಕಿದ, ಟೈಮರು ಮಾತ್ರ ಜೇಬಿನಲ್ಲೇ. ಡಬ್ಬಿಯಲ್ಲಿ ಖಾಲಿ ಸಾಲು ಖಾಲಿಯಾಗಿಯೇ ಉಳಿಯಿತು. ಬೆಳಕು ಅಳೆದ: ಎಲ್ಲರೂ ಮುಂಬಾಗಿಲಿನವರು. ಮುಂದಿನ ವಾರ ಚೀಲವನ್ನು ಹೊರಗಿಟ್ಟು, ಟೈಮರನ್ನು ಮತ್ತೆ ಕಾವುಪೆಟ್ಟಿಗೆಯ ನೆತ್ತಿಯ ಮೇಲೆ ಟಿಕ್‌ಟಿಕ್ ಅನ್ನಲು ಬಿಟ್ಟ: ಎಲ್ಲರೂ ಹಿತ್ತಿಲಿನವರು. ಶುಕ್ರವಾರ ಹತ್ತಿರ ಬಂದಿತ್ತು. ಕೊನೆಯ ಪ್ಲೇಟಿಗೆ ಎರಡನ್ನೂ ಮಾಡಿದ. ಚೀಲಕ್ಕೆ ಬೀಗ, ಟೈಮರು ನೆತ್ತಿಯ ಮೇಲೆ.

ಬೆಳಕು ಅಳೆಯುವ ಪೆಟ್ಟಿಗೆಯ ಮುಂದೆ ಮನಸ್ಸಿನಲ್ಲೇ ಕಣಜದ ಊರುಗಳನ್ನು ಹೇಳಿಕೊಳ್ಳುತ್ತ ಕೂತ. ಮುಂಬಾಗಿಲಿನ ಹಳೇ ವೈರಸ್ಸು ತನ್ನ ಮುಂಬಾಗಿಲಿಗೆ ಮರಳಿತ್ತು. ಹಿತ್ತಿಲಿನದು ಹಿತ್ತಿಲಿಗೆ. ಹಂದಿಯದು? ಔಷಧಿ ಹಾಕಿದ ಸಾಲೆಲ್ಲ ಕಗ್ಗತ್ತಲೆ, ಹಾಕದ ಸಾಲು ಝಗಝಗ. ಹಿತ್ತಿಲಿನವನೇ! ಮೊಟ್ಟಮೊದಲ ಸಲ ಬಂದ ಉತ್ತರವೇ ಸರಿಯಾಗಿತ್ತು. ನಡುವೆ ಇಡೀ ಚಳಿಗಾಲ ಹೋಯಿತು.

ಈಗ ಹೊಸ ಸಂಕಟ. ಉತ್ತರ ಸಿಕ್ಕಿತು, ಆದರೆ ಹೇಝಲ್ "ಇದೊಂದು ಸಲ ಹೇಗೆ ಸರಿಹೋಯ್ತು?" ಎಂದು ಕೇಳಿದರೆ? ಹೇಳಿದರೆ ಯಾರದೋ ಮಾನ ಹೋಗುತ್ತದೆ, ಹೇಳದಿದ್ದರೆ ತನ್ನ ತಲೆ ಹೋಗುತ್ತದೆ. ಅತ್ತ ದರಿ, ಇತ್ತ ಹುಲಿ.

ಶುಕ್ರವಾರ ಬೆಳಗಿನ ಕಾಫಿಗೆ ಎಲ್ಲರೂ ಸೇರಿದ್ದರು. ಬರ್ನಿಸ್ ಬಿಸಿ ಬ್ಯಾನಕ್ ರೊಟ್ಟಿ ತಂದಿದ್ದಳು. ಹೇಝಲ್ ಕುರ್ಚಿಯ ತುದಿಯಲ್ಲಿ ಕೂತಿದ್ದಳು, ಮುಗಿದ ಮೇಲೆ ಕರೆದು ಮಾತಾಡುವವಳ ಹಾಗೆ. ನೆಸ್ಟರ್ ರೊಟ್ಟಿಗೆ ಬೆಣ್ಣೆ ಹಚ್ಚುತ್ತ ಹೇಳಿದ: "ನಮ್ ಬೀದಿ ಕಥೆ ಗೊತ್ತಾ ನಿಮಗೆ? ಈ ವರ್ಷ ನಮ್ ಬೀದಿಗೆ ಬಿದ್ದಿದ್ದು ಒಂದೇ ಒಂದು ಹಿಮ."

ಫ್ರೀಸನ್ನನ ಕಥೆಯನ್ನು ಪೂರ್ತಿ ಹೇಳಿದ. ಬೆಳ್ಳಿಯ ಕಮಾನು, ಹಿಮಗಡ್ಡ, ಸೂರ್ಯ, ತಂಗಿ, ಎಲ್ಲ. ರೊವೆನಾ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಬರ್ನಿಸ್ ಮೇಜು ಗುದ್ದಿದಳು. ಕೊನೆಗೆ ನೆಸ್ಟರ್, ಬೆಣ್ಣೆಯ ಚಾಕು ಕೆಳಗಿಟ್ಟು, ಯಾರ ಮುಖವನ್ನೂ ನೋಡದೆ, "ಇಬ್ರೂ ಒಳ್ಳೇವ್ರೇ. ಒಬ್ರಿಗೊಬ್ರು ಒಂದ್ ಮಾತು ಕೇಳಿದ್ರೆ ಆಗ್ತಿತ್ತು. ನಾನಂತೂ ನಂಗೆ ತಲೆ ಕೆಟ್ಟಿದೆ ಅಂದ್ಕೊಂಡಿದ್ದೆ" ಅಂದ.

ನಗು ಮೆಲ್ಲಗೆ ನಿಂತಿತು. ಒಬ್ಬೊಬ್ಬರದೇ ನಿಂತಿತು. ಬರ್ನಿಸಳ ಕೈಯಲ್ಲಿದ್ದ ಲೋಟ ಬಾಯಿಯ ಹತ್ತಿರವೇ ಉಳಿಯಿತು. ಮೊದಲು ಮಾತಾಡಿದವಳು ಅವಳೇ, ಬಾಯಿಬಡುಕಿಯಲ್ಲವೇ?

"ನಿನ್ ಸೊಂಟ ನೋವು ಅಂತ... ಬಗ್ಗಿ ಕೆಳಗಿನ ಖಾನೆಯಿಂದ ಟಿಪ್ಪು ತೆಗೆಯೋದು ಕಷ್ಟ ಅಂತ... ನೀನು ಕಾಫಿಗೆ ಹೋದಾಗ ತುಂಬಿಸಿಡ್ತಿದ್ದೆ ಕಣೋ."

ರೊವೆನಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. "ತುಂಬಿಸಿದ್ದು ನೀವಾ? ಅಯ್ಯೋ ದೇವ್ರೇ! ಕುಯಾ, ನೀವು ಔಷಧಿ ಮರ್ತಿದ್ದೀರಾ ಅಂತ ನಾನು... ನಾನೇ ಹಾಕ್ಬಿಡ್ತಿದ್ದೆ."

ಹೇಝಲ್ ಕತ್ತಿನಿಂದ ಕಿವಿಯವರೆಗೆ ಕೆಂಪಾಗಿದ್ದಳು, ಬರ್ನಿಸಳ ಬೋರ್ಶ್‌ಗಿಂತ ಕೆಂಪು. ಎಲ್ಲರೂ ಬ್ಯಾನಕ್ ರೊಟ್ಟಿಯನ್ನೇ ನೋಡತೊಡಗಿದರು. ಆಮೇಲೆ ಅವಳು ಸಣ್ಣಗೆ ಹೇಳಿದಳು: "ಟೈಮರ್ ಕಾಣ್ಲಿಲ್ಲ. ಆಫೀಸಲ್ಲಿ ಕೂತು ಕೂತು ಕೈ ಬೇರೆ ತುರಿಸ್ತಿತ್ತು. ಪ್ಲೇಟ್ ತೊಳೆದು ಎಷ್ಟು ವರ್ಷ ಆಯ್ತು ನಂಗೆ..."

"ಕೈ ಚೆನ್ನಾಗಿದೆ ನಿಂದು" ಅಂದ ನೆಸ್ಟರ್. "ಒಂದು ಗುಳೀನೂ ಕಲಕಿರಲಿಲ್ಲ. ಅದಕ್ಕೇ ನಂಗೆ ಗೊತ್ತಾಗ್ಲಿಲ್ಲ."

ಆಗ ಬರ್ನಿಸ್ ಕಣ್ಣು ಕಿರಿದು ಮಾಡಿ ಅವನ ಕಡೆ ತಿರುಗಿದಳು. "ಅದಿರ್ಲಿ ಮುದುಕಾ. ನನ್ ಬೋರ್ಶ್ ಬಾಟಲಿ ಮುಚ್ಚಳ ಯಾರೋ ಬಂದು ಬಿಗಿ ಮಾಡಿ ಹೋಗ್ತಾರೆ, ಬೆಳಿಗ್ಗೆ ನಂಗೆ ತೆಗೆಯಕ್ಕೇ ಆಗಲ್ಲ. ನನ್ ಕೈಯಲ್ಲಿ ಬಲ ಹೋಯ್ತು ಅಂತ ಡಾಕ್ಟ್ರ ಹತ್ರ ಹೋಗಿಬಂದೆ. ಅದ್ಯಾರು?"

ನೆಸ್ಟರ್ ಬಹಳ ಹೊತ್ತು ರೊಟ್ಟಿ ಅಗಿದ.

"ಸಡಿಲ ಇರ್ತಿತ್ತು" ಅಂದ.

"ಗಾಳಿಯಾಡ್ಲಿ ಅಂತ ನಾನೇ ಸಡಿಲ ಬಿಡ್ತಿದ್ದೆ ಕಣೋ ಕತ್ತೆ!"

ಉಗ್ರಾಣದ ಕುರ್ಚಿಯ ಮಾತನ್ನು ಆವತ್ತು ಯಾರೂ ಎತ್ತಲಿಲ್ಲ, ಮುಂದೆಯೂ ಎತ್ತಲಿಲ್ಲ. ಮತ್ತೆ ಮಾಡಿದ ಪ್ಲೇಟುಗಳೆಲ್ಲ ಒಂದೇ ಮಾತು ಹೇಳಿದವು: ಹಿತ್ತಿಲು, ಹಿತ್ತಿಲು, ಹಿತ್ತಿಲು. ಮೇಜು ನೆಸ್ಟರನದೇ. ತಲೆಯೂ. ಆದರೂ ಅವನಿಗೆ ಪೂರ್ತಿ ನಂಬಿಕೆ ಬಂದಿಲ್ಲ, ಯಾಕೆಂದರೆ ಊಟದ ಡಬ್ಬಿಯನ್ನು ಆಗಾಗ ಮರೆಯುತ್ತಲೇ ಇದ್ದಾನೆ. ಅದನ್ನು ಮರೆವು ಅನ್ನುವುದೋ ಹಣೆಬರಹ ಅನ್ನುವುದೋ ತಿಳಿಯದೆ ಸ್ಟೆಫ್ಕಾಳನ್ನು ಕೇಳಿದರೆ, ಅವಳು ಹೇಳುವ ಉತ್ತರಕ್ಕೆ ಇನ್ನಷ್ಟು ಗಲಿಬಿಲಿಯಾಗುತ್ತದೆ.

ಹಿಮ? ಹಾಂ, ಅದನ್ನು ಕೇಳಿದೆ ಅಂದರೆ ನಂಬತೊಡಗಿದ್ದೀಯ ಅಂತಾಯಿತು. ನೆಸ್ಟರ್, ಫ್ರೀಸನ್ ಇಬ್ಬರೂ ಕೈಕುಲುಕಿ ಒಪ್ಪಂದ ಮಾಡಿಕೊಂಡರು: ಇನ್ನು ಅವರವರ ಅಂಗಳ ಅವರವರದು. ಮಾರನೆಯ ಬೆಳಗ್ಗೆ ಇಬ್ಬರೂ ಸಲಿಕೆ ಹಿಡಿದು ಹೊರಬಂದು ನೋಡಿದರೆ ಎರಡೂ ಅಂಗಳ ಚೊಕ್ಕಟ. ರಾತ್ರಿ ಬಿದ್ದ ಹಿಮದ ಒಂದು ಕಣವೂ ಇಲ್ಲ. ಇವನು ಅವನನ್ನು ನೋಡಿದ, ಅವನು ಇವನನ್ನು ನೋಡಿದ. "ಮಾತು ಕೊಟ್ಟಿದ್ದೆಯಲ್ಲೋ!" "ನೀನು ಕೊಟ್ಟಿದ್ದೆಯಲ್ಲೋ!" ಇವತ್ತಿನವರೆಗೂ ಅದು ಯಾರು ಎಂದು ಅವರಿಗೆ ಗೊತ್ತಾಗಿಲ್ಲ. ನನ್ನ ಮುಖ ಯಾಕೆ ನೋಡುತ್ತೀಯ? ನನ್ನ ಬೆನ್ನು ಹಿಡಿದುಕೊಂಡಿರುವುದು ಬೇರೆ ಕಾರಣಕ್ಕೆ. ಅದು ಆ ಕುದುರೆಯ ನೆರಳನ್ನು ಗೋಡೆಯಿಂದ ಕಿತ್ತು ಸಾಗಿಸುವಾಗ...

ಇರು, ಬೇಲಿಯ ಆಚೆಯಿಂದ ಸ್ಟೆಫ್ಕಾ ಕೂಗುತ್ತಿದ್ದಾಳೆ. ಕೇಳಿಸಿತೇ?

"ಅಜ್ಜಾ! ಯಾರ ಹತ್ರ ಬುರುಡೆ ಬಿಡ್ತಿದ್ದೀರಾ ಅಲ್ಲಿ? ವರೆನಿಕಿ ಆರಿಹೋಗ್ತಿದೆ, ಬನ್ನಿ! ಇವತ್ತೂ ನೆಸ್ಟರ್ ಡಬ್ಬಿ ಇಲ್ಲೇ ಬಿಟ್ಟು ಹೋಗಿದಾನೆ, ನೀವೇ ತಿನ್ಬೇಕು!"